ಬರೆದರೆ ನಿಜವಾಗ್ಲೂ ಮನಸ್ಸು ಹಗುರ ಆಗುತ್ತಾ?

ನಾನು ಬರೆಯುತ್ತೇನೆ ಅಂತ ಗೊತ್ತಾದ ಮೇಲೆ ಹೆಂಗಸರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಓದಿದರೆ, ಬರೆದರೆ ನಿಜವಾಗ್ಲೂ ಸಮಾಧಾನ ಆಗುತ್ತಾ? ಅಥವಾ ಸುಮ್ನೆ ಹಾಗೆ ಹೇಳ್ತಾರಾ?’ ಎಷ್ಟೋ ಸಲ ಇದನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳುತ್ತಾರೆ. ಹಾಗೆ ಕೇಳುವವರಿಗೆ ಹಾರಿಕೆಯ ಉತ್ತರ ಕೊಡಬಾರದು.

ಆಗುತ್ತೆ. ಆದರೆ ಏನು ಬರೆದರೂ ಆಗಲ್ಲ. ಬರೆದ ತಕ್ಷಣವೂ ಆಗಲ್ಲ.

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಇದನ್ನೇ ಪರೀಕ್ಷೆ ಮಾಡಿ ನೋಡಿದರು. 1986ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಮಾಮೂಲಿ ವಿಷಯ ಬರೆದರು, ಕೆಲವರು ಬದುಕಿನಲ್ಲಿ ತಮ್ಮನ್ನು ತುಂಬಾ ಅಲುಗಾಡಿಸಿದ ಘಟನೆಯನ್ನು. ಘಟನೆ ಬರೆದವರಿಗೆ ಆ ಹೊತ್ತಿಗೆ ಬೇಜಾರು ಜಾಸ್ತಿಯೇ ಆಯಿತು. ಆದರೆ ಏನಾಯಿತು ಅನ್ನೋದನ್ನೂ, ಅದರಿಂದ ತಮಗೆ ಏನನ್ನಿಸಿತು ಅನ್ನೋದನ್ನೂ ಎರಡನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಆಮೇಲೆ ಇಂಥ ಅಧ್ಯಯನಗಳು ಬಹಳಷ್ಟು ನಡೆದಿವೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪರಿಣಾಮ ದೊಡ್ಡದೇನಲ್ಲ, ಚಿಕ್ಕದು. ಹಾಗಾಗಿ ರಾತ್ರಿಗಳು ನಿದ್ದೆಯಿಲ್ಲದೆ ಕಳೆಯುತ್ತಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ, ದಯವಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ನೋಟ್‌ಬುಕ್ ಆಮೇಲೆ.

ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ‘ಏನಾಯಿತು’ ಅನ್ನುವ ಭಾಗ. ಅಮ್ಮ ಹೋದ ಮೇಲೆ ನಾನು ಪುಟಗಟ್ಟಲೆ ಬರೆದೆ. ದುಃಖ, ಶೂನ್ಯ, ಕತ್ತಲೆ, ಎಲ್ಲ ಇತ್ತು ಅದರಲ್ಲಿ, ಅಮ್ಮ ಮಾತ್ರ ಇರಲಿಲ್ಲ. ಆಮೇಲೊಂದು ದಿನ ಅವಳ ಕನ್ನಡಕದ ಬಗ್ಗೆ ಬರೆದೆ. ಎಡಗಡೆಯ ಕಡ್ಡಿ ಮುರಿದಿತ್ತು, ಅದಕ್ಕೆ ಹೊಲಿಗೆಯ ಕಪ್ಪು ದಾರ ಬಿಗಿಯಾಗಿ ಸುತ್ತಿಕೊಂಡಿದ್ದಳು, ಹೊಸದು ಮಾಡಿಸೋಣ ಅಂದರೆ ‘ಕಾಣಿಸುತ್ತಲ್ಲ, ಸಾಕು’ ಅನ್ನುತ್ತಿದ್ದಳು, ಓದುವಾಗ ಆ ದಾರದ ಗಂಟು ಕಿವಿಯ ಹಿಂದೆ ಒತ್ತಿ ಅಲ್ಲೊಂದು ಕೆಂಪು ಗುರುತು ಬೀಳುತ್ತಿತ್ತು. ಅಷ್ಟು ಬರೆದಾಗ ಅಳು ಬಂತು, ಮೊದಲ ಸಲ ಸರಿಯಾಗಿ ನಿದ್ದೆಯೂ ಬಂತು. ಶೂನ್ಯ, ಕತ್ತಲೆ ಅನ್ನೋದನ್ನು ಯಾರು ಬೇಕಾದರೂ ಬರೆಯಬಹುದು. ಆ ಗುರುತು ನನಗೆ ಮಾತ್ರ ಗೊತ್ತಿತ್ತು.

ಓದಿನ ಸಮಾಧಾನವೂ ಹೀಗೇ ಬರುತ್ತೆ ಅಂತ ನನ್ನ ನಂಬಿಕೆ. ಇನ್ನೊಬ್ಬಳು ತನ್ನದೇ ಆದ ವಿವರ ಬರೆದಿರುತ್ತಾಳೆ, ಅದನ್ನು ಓದಿದಾಗ ‘ಅಯ್ಯೋ, ಇದು ನನಗೊಬ್ಬಳಿಗೇ ಆದದ್ದಲ್ಲ’ ಅನ್ನಿಸುತ್ತೆ, ಅಲ್ವಾ? ಪೂರ್ವ ಬಂಗಾಳದ ರಾಸಸುಂದರಿ ದೇವಿಯ ಆತ್ಮಕಥೆ ‘ಆಮಾರ್ ಜೀಬನ್’ 1876ರಲ್ಲಿ ಬಂತು. ಬಂಗಾಳಿಯಲ್ಲಿ ಬಂದ ಮೊದಲ ಆತ್ಮಕಥೆ ಅಂತ ಅದನ್ನು ಹೇಳುತ್ತಾರೆ. ಹೆಣ್ಣು ಓದಿದರೆ ವಿಧವೆಯಾಗುತ್ತಾಳೆ ಅಂತ ನಂಬಿದ್ದ ಕಾಲ. ಆಕೆ ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡಳು. ಮಗ ಅಕ್ಷರ ತಿದ್ದಿದ್ದ ತಾಳೆಗರಿಯನ್ನು ಅದರ ಪಕ್ಕ ಹಿಡಿದು, ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾ ಒಬ್ಬಳೇ ಓದು ಕಲಿತಳು. ಬರೆಯೋದು ಕೈಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ನನ್ನನ್ನು ಪ್ರತಿ ಸಲ ಹಿಡಿದು ನಿಲ್ಲಿಸೋದು ಆ ಬಚ್ಚಿಟ್ಟ ಹಾಳೆ.

ಯಾಕೆಂದರೆ ಇವತ್ತಿಗೂ ಹೆಂಗಸರ ನಿಜವಾದ ತೊಂದರೆ ಅದೇ. ಪುರುಸೊತ್ತು ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವೇ. ಆದರೆ ಇನ್ನೂ ಸ್ವಲ್ಪ ಹೊತ್ತು ಮಾತಾಡಿದರೆ ‘ಯಾರಾದರೂ ಓದಿಬಿಟ್ಟರೆ?’ ಅನ್ನೋದು ಹೊರಬೀಳುತ್ತೆ. ಓದುತ್ತಾರೆ ಅನ್ನುವ ಭಯ ಇದ್ದಾಗ ‘ಏನಾಯಿತು’ ಅಂತ ಬರೆಯೋಕೆ ಕೈ ಬರಲ್ಲ. ಹೆಸರು ಬಿಡುತ್ತೇವೆ, ಆಡಿದ ಮಾತು ಬಿಡುತ್ತೇವೆ, ಕೊನೆಗೆ ಬರೀ ಕತ್ತಲೆ, ಶೂನ್ಯ ಉಳಿಯುತ್ತೆ.

ಚೀನಾದ ಹುನಾನ್ ಪ್ರಾಂತ್ಯದ ಒಂದು ಭಾಗದಲ್ಲಿ ಹೆಂಗಸರು ಇದಕ್ಕೆ ಬೇರೆ ಲಿಪಿಯನ್ನೇ ಇಟ್ಟುಕೊಂಡಿದ್ದರು. ಅದರ ಹೆಸರು ನುಶು. ಗಂಡಸರಿಗೆ ಸಾಮಾನ್ಯವಾಗಿ ಅದು ಬರುತ್ತಿರಲಿಲ್ಲ. ಬೀಸಣಿಗೆ, ಕರವಸ್ತ್ರದ ಮೇಲೂ ಬರೆಯುತ್ತಿದ್ದರು. ಮದುವೆಯಾದ ಮೂರನೇ ದಿನ ಹುಡುಗಿಗೆ ಗೆಳತಿಯರಿಂದ, ತವರಿನ ಹೆಂಗಸರಿಂದ ಬಟ್ಟೆ ಹೊದಿಸಿದ ಒಂದು ಪುಟ್ಟ ಪುಸ್ತಕ ಹೋಗುತ್ತಿತ್ತು. ಮೊದಲ ಕೆಲವು ಪುಟಗಳಲ್ಲಿ ಅವರ ಸಂಕಟ, ಹಾರೈಕೆ. ಉಳಿದ ಪುಟಗಳು ಖಾಲಿ, ಅವಳೇ ಬರೆದುಕೊಳ್ಳಲಿ ಅಂತ. ಗೆಳತಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ನನಗಂತೂ ಹೊಳೆಯುವುದಿಲ್ಲ.

ನಮಗೆ ಗುಟ್ಟಿನ ಲಿಪಿ ಇಲ್ಲ, ಸರಿ. ಫೋನಿನಲ್ಲಿ ಪಾಸ್‌ವರ್ಡ್ ಹಾಕಿ ಬರೆಯಬಹುದು. ಬರೆದು ಹರಿದು ಹಾಕಬಹುದು, ಹರಿದರೆ ಬರೆದದ್ದು ವ್ಯರ್ಥ ಅಂತ ನನಗೆ ಅನ್ನಿಸಿಲ್ಲ. ನಿಮ್ಮ ನೋಟ್‌ಬುಕ್ ಯಾರೂ ಮುಟ್ಟಕೂಡದು ಅಂತ ಮನೆಯಲ್ಲಿ ಒಂದು ಸಲ ಗಟ್ಟಿಯಾಗಿ ಹೇಳಿಯೂ ನೋಡಬಹುದು.

‘ಆದರೆ ನಾನು ಬರೆದದ್ದು ಸಾಹಿತ್ಯ ಆಗುತ್ತಾ?’ ಅಂತ ಆಮೇಲೆ ಕೇಳುತ್ತಾರೆ. ಅದನ್ನು ಇವತ್ತೇ ತೀರ್ಮಾನ ಮಾಡಬೇಕಾಗಿಲ್ಲ. ಇವತ್ತು ಯಾರು ಏನಂದರು, ಆಗ ನೀವು ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ಅಷ್ಟು ಬರೆಯಿರಿ. ಚೆನ್ನಾಗಿ ಬಂದಿದೆಯಾ ಅಂತ ನೋಡೋದು ಬೇರೆಯೇ ಕೆಲಸ, ಅದನ್ನು ಮುಂದಿನ ತಿಂಗಳು ಮಾಡಿದರೂ ನಡೆಯುತ್ತೆ.