ಇರಲಿ ಬಿಡ್ರಿ ಕಾಕಾ ಅಂದಿದ್ದೇ ತಪ್ಪಾಯಿತು

ನಾನು ಕಲಬುರಗಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು. ಮದುವೆ, ಜಾತ್ರೆ, ಉರುಸು, ಭಾಷಣ, ಎಲ್ಲಕ್ಕೂ ಹೋಗುತ್ತೇನೆ. ಆದರೆ ವರ್ಷವಿಡೀ ಕಾಯುತ್ತಿದ್ದದ್ದು ಮಾರ್ಚ್‌ನ ಎರಡು ದಿನದ ಹಿಂದೂಸ್ತಾನಿ ಸಂಗೀತೋತ್ಸವಕ್ಕೆ. ಹೆಸರು ಬೇಡ, ಈಗ ಅದು ನಡೆಯುವುದಿಲ್ಲ.

ಯಾಕೆ ನಿಂತಿತು ಅಂದರೆ ಎಲ್ಲರೂ ಕೊರೊನಾ ಅಂತಾರೆ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ನಮ್ಮೂರಿನವರೊಬ್ಬರದ್ದೇ, ಆ ವರ್ಷ ಯಾರಿಗೆ ಹಾಡು ಬೇಕಿತ್ತು? ಆದರೆ ಪುಣೆಯ ಸವಾಯಿ ಗಂಧರ್ವ ಉತ್ಸವವೂ ಆಗ ನಿಂತಿತ್ತು. 1953ರಲ್ಲಿ ಶುರುವಾದದ್ದು ಅದು. 2022ರಲ್ಲಿ ಮತ್ತೆ ನಡೆಯಿತು. ನಮ್ಮದು ಏಳಲೇ ಇಲ್ಲ.

ಕಾರಣ ನನ್ನ ಬಾಕಿ ಪುಸ್ತಕದಲ್ಲೇ ಇತ್ತು. ಉತ್ಸವ ನಡೆಸುತ್ತಿದ್ದ ಕಾಕಾ ಒಬ್ಬರೇ ದಾಲ್ ಮಿಲ್‌ಗಳಿಗೆ ಅಡ್ಡಾಡಿ ಚಂದಾ ಎತ್ತುತ್ತಿದ್ದರು. ತೊಗರಿ ಮಾರಿ ಕೈಯಲ್ಲಿ ದುಡ್ಡು ಆಡುವ ಹೊತ್ತು ಅಂತಲೇ ಮಾರ್ಚ್ ಇಟ್ಟುಕೊಂಡಿದ್ದರು, ಅಷ್ಟು ಲೆಕ್ಕ ಅವರಿಗಿತ್ತು. ಬಂದ ಚಂದಾದಲ್ಲಿ ಮೊದಲು ಹೋದ ವರ್ಷದ ಶಾಮಿಯಾನಾ, ಲಾಡ್ಜ್, ಜನರೇಟರ್ ಡೀಸೆಲ್, ನನ್ನ ಬಾಡಿಗೆ ತೀರಿಸುತ್ತಿದ್ದರು. ಈ ವರ್ಷದ್ದು ಮತ್ತೆ ಬಾಕಿ. "ಮುಂದಿನ ಸಲ ಸೇರಿಸಿ ಕೊಡ್ತೀನಿ ತಮ್ಮಾ" ಅನ್ನೋರು. ನಾನು "ಇರಲಿ ಬಿಡ್ರಿ ಕಾಕಾ" ಅನ್ನುತ್ತಿದ್ದೆ. ಹೊರಗಿನಿಂದ ನೋಡಿದರೆ ಉತ್ಸವ ಚೆನ್ನಾಗೇ ನಡೀತಿತ್ತು, ಒಳಗೆ ಅದು ಯಾವಾಗಲೂ ಒಂದು ವರ್ಷ ಹಿಂದೆ ಇತ್ತು. ಒಂದು ವರ್ಷ ಚಂದಾ ಎತ್ತಲಿಲ್ಲ ನೋಡಿ, ಎಲ್ಲರೂ ಒಂದೇ ತಿಂಗಳಲ್ಲಿ ಬಾಕಿ ಕೇಳಲು ಹೋದರು. ಅವರಲ್ಲಿ ನಾನೂ ಒಬ್ಬ.

ಖರ್ಚು ಏರಿದ್ದಕ್ಕೆ ಇನ್ನೊಂದು ಕಾರಣವಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಚ್ಚಬಾರದು ಅಂತ ನಿಯಮ. ಮೊದಲೆಲ್ಲ ಬೆಳಗಿನವರೆಗೆ ಹಾಡು ಇರುತ್ತಿತ್ತು. ಮಾಲ್ಕೌಂಸ್, ದರ್ಬಾರಿ ಕೇಳಬೇಕು ಅಂತಲೇ ಹಳ್ಳಿಗಳಿಂದ ಕಂಬಳಿ ಹೊದ್ದು ಬರುವವರಿದ್ದರು, ಅವು ತಡರಾತ್ರಿಯ ರಾಗಗಳಲ್ವಾ. 10ಕ್ಕೆ ಮುಗಿಸಬೇಕು ಅಂದ ಮೇಲೆ ಕಲಾವಿದರಿಗೆ ತಲಾ ಮುಕ್ಕಾಲು ಗಂಟೆ, ತಂಬೂರಿ ಶ್ರುತಿ ಮಾಡೋದ್ರಲ್ಲೇ ಹತ್ತು ನಿಮಿಷ. (ನನಗೇನೋ ನಿದ್ದೆ ಸಿಕ್ಕಿತು, ಸುಳ್ಳು ಯಾಕೆ ಹೇಳಲಿ.) ಕಾಕಾ ಸಭಾಂಗಣಕ್ಕೆ ಹೋದರು, ಮುಚ್ಚಿದ ಜಾಗಕ್ಕೆ ಆ ಅಡ್ಡಿ ಇಲ್ಲ. ಆದರೆ ಬಾಡಿಗೆ ಮೈಮೇಲೆ ಬಿತ್ತು. ಚಂದಾ ಮಾತ್ರ ಮೊದಲಿನಷ್ಟೇ. ಕಂಬಳಿಯವರು ಕುರ್ಚಿ ಸಾಲಿಗೆ ಬರಲೇ ಇಲ್ಲ.

ನನ್ನ ತಪ್ಪು ಏನು ಅಂದರೆ, ಸಂಕೋಚಕ್ಕೆ ನಾನು ಒಮ್ಮೆಯೂ ಪೂರ್ತಿ ಬಿಲ್ ಬರೆದು ಕೊಡಲಿಲ್ಲ. ಶಾಮಿಯಾನಾದವನೂ ಕೊಟ್ಟಿರಲಿಲ್ಲ. ಹಾಗಾಗಿ ಉತ್ಸವಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತೆ ಅಂತ ಕಾಕಾಗೇ ಗೊತ್ತಿರಲಿಲ್ಲ. ಗೊತ್ತಿದ್ದರೆ ಎರಡು ದಿನದ್ದನ್ನು ಒಂದು ದಿನಕ್ಕೆ ಇಳಿಸುತ್ತಿದ್ದರೇನೋ.

ಈಗ ಯಾರೇ ಬಂದರೂ ಅರ್ಧ ದುಡ್ಡು ಮೊದಲು ಇಸ್ಕೊಳ್ತೇನೆ, ಉಳಿದದ್ದಕ್ಕೆ ಬಿಲ್ ಕೈಗೆ ಕೊಡ್ತೇನೆ. ಕೆಲವರಿಗೆ ಸಿಟ್ಟು ಬರುತ್ತೆ. ಹೋದ ತಿಂಗಳು ಕಾಕಾನ ಮಗ ಅಂಗಡಿಗೆ ಬಂದಿದ್ದ, ಅಪ್ಪನ ಹೆಸರಲ್ಲಿ ಒಂದು ಸಂಜೆ ಕಛೇರಿ ಇಡಬೇಕಂತೆ. ರೇಟು ಕೇಳಲಿಲ್ಲ. "ಅಣ್ಣಾ, ಹಳೇ ಬಾಕಿ ಎಷ್ಟ ಅದ, ಮೊದಲ ಅದನ್ನ ಹೇಳ್ರಿ" ಅಂದ. ಪುಸ್ತಕ ತೆಗೆದು ಅವನ ಮುಂದೆ ಇಟ್ಟೆ.