ಕೊರಿಯಾ ಪುಟಕ್ಕೆ ಅಜ್ಜ ಕೇಳಿದ ಪ್ರಶ್ನೆ

ಬಿ.ಎಡ್. ಓದುವಾಗ ನಮಗೊಂದು ಅಸೈನ್‌ಮೆಂಟ್ ಇತ್ತು. ಹತ್ತನೇ ತರಗತಿ ಮಕ್ಕಳಿಗಾಗಿ ಆಧುನಿಕ ಜಗತ್ತಿನ ಇತಿಹಾಸದ ವೆಬ್‌ಸೈಟ್ ಮಾಡಬೇಕು, ಕನ್ನಡದಲ್ಲೇ. ನಾಲ್ಕು ಜನ ಹಂಚಿಕೊಂಡೆವು. ನನ್ನ ಪಾಲಿಗೆ ಬಂದದ್ದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಬಣಗಳ ನಡುವಿನ ಶೀತಲ ಸಮರ.

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದಿತ್ತು. ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರುತ್ತಿರಲಿಲ್ಲ. ನೆಟ್‌ವರ್ಕ್ ಸಿಗುವುದು ನಮ್ಮ ಕಾಫಿ ತೋಟದ ಮೇಲಿನ ತಿರುವಿನಲ್ಲಿ ಮಾತ್ರ. ಮನೆಯಲ್ಲಿ ಬರೆದಿಟ್ಟು, ಕೊಡೆ ಹಿಡಿದು ಅಲ್ಲಿಗೆ ಹೋಗಿ ಹಾಕುತ್ತಿದ್ದೆ. ಮೊದಲ ಸಲ ಹಾಕಿದಾಗ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡಿತು. ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಎಲ್ಲವನ್ನೂ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಿಸಿದೆ. ಆಗ ಕೆಲವು ಕಡೆ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪಿದವು. ಸಾಲು ಸಾಲಾಗಿ ಕೂತು ತಿದ್ದಿದೆ. ಒಂದು ಮಗು ಕನ್ನಡದಲ್ಲಿ ಹುಡುಕಿದರೆ ಈ ಪುಟ ಸಿಗಬೇಕು ಅಲ್ವಾ?

1949ರಲ್ಲಿ ನ್ಯಾಟೋ, 1955ರಲ್ಲಿ ವಾರ್ಸಾ ಒಪ್ಪಂದ, 1961ರಲ್ಲಿ ಬರ್ಲಿನ್ ಗೋಡೆ, 1962ರಲ್ಲಿ ಕ್ಯೂಬಾ ಬಿಕ್ಕಟ್ಟು. ಎಲ್ಲ ಸರಿಯಾಗಿತ್ತು. ಆದರೆ ಪಕ್ಕದ ಮನೆಯ ಹುಡುಗಿ ಓದಿ, "ಅಕ್ಕ, ಇದೆಲ್ಲ ಗೈಡ್‌ನಲ್ಲೇ ಇದೆಯಲ್ಲ" ಅಂದಳು.

ಅವತ್ತು ರಾತ್ರಿ ಕೊರಿಯಾ ಭಾಗವನ್ನು ಅಜ್ಜನಿಗೆ ಓದಿ ಹೇಳುತ್ತಿದ್ದೆ. 1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ಎರಡು ಕೊರಿಯಾಗಳ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಿತು, 1953ರ ಜುಲೈ 27ರಂದು ಕದನ ವಿರಾಮವಾಯಿತು. ಅಜ್ಜ ತಡೆದರು. "ನಮ್ಮ ತಿಮ್ಮಯ್ಯ ಹೋಗಿದ್ದು ಅಲ್ಲಿಗೇ ಅಲ್ವಾ?"

ಮಡಿಕೇರಿಯಲ್ಲಿ ಎಷ್ಟೋ ಸಲ ಭಾರತೀಯ ಸೇನೆಯ ಜನರಲ್ ತಿಮ್ಮಯ್ಯನವರ ಪ್ರತಿಮೆ ಮುಂದೆ ಓಡಾಡಿದ್ದೇನೆ. ನನ್ನ ಪುಟಕ್ಕೂ ಅವರಿಗೂ ಸಂಬಂಧ ಇದೆ ಅಂತ ಹೊಳೆದೇ ಇರಲಿಲ್ಲ. ಮಾರನೇ ದಿನ ಅವರು ಬೆಳೆದ ಮನೆ ಸನ್ನಿಸೈಡ್‌ಗೆ ಹೋದೆ. ಈಗ ಅದು ಮ್ಯೂಸಿಯಂ. ನೋಟ್‌ಬುಕ್ ಹಿಡಿದು ಒಂದೊಂದೇ ಫೋಟೋ ಮುಂದೆ ನಿಂತೆ.

ಕೊರಿಯಾ ಯುದ್ಧ ನಿಂತರೂ ಸೆರೆಸಿಕ್ಕ ಯುದ್ಧ ಕೈದಿಗಳ ಗಂಟು ಬಿಚ್ಚಿರಲಿಲ್ಲ. ಸಾವಿರಾರು ಜನ ಊರಿಗೆ ಹಿಂದಿರುಗಲು ಒಪ್ಪಿರಲಿಲ್ಲ. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ, ಭಾರತ ಸೇರಿ ಒಂದು ಆಯೋಗವಾಯಿತು. ಅದರ ಅಧ್ಯಕ್ಷರು ತಿಮ್ಮಯ್ಯ. 22 ಸಾವಿರಕ್ಕೂ ಜಾಸ್ತಿ ಕೈದಿಗಳನ್ನು ಭಾರತದ ಸೈನಿಕರು ಕಾಯಬೇಕಿತ್ತು. ಯಾರನ್ನೂ ಬಲವಂತವಾಗಿ ಕಳಿಸುವ ಹಾಗಿಲ್ಲ. ಎರಡೂ ಕಡೆಯವರ ಅನುಮಾನದ ನಡುವೆ ನಿಂತು ಮಾಡಿದ ಕೆಲಸ ಅದು. ಯುದ್ಧ ಗೆಲ್ಲುವುದಕ್ಕಿಂತ ಇದೇ ಕಷ್ಟ ಅಂತ ನನಗೆ ಅನಿಸುತ್ತದೆ.

ಮನೆಗೆ ಬಂದು ಹೇಳಿದಾಗ ಅಜ್ಜ ಕೇಳಿದ್ದು ಒಂದೇ ಮಾತು. "ಕಡೆಗೆ ಅವರು ಊರಿಗೆ ಹೋದ್ರಾ?"

ಹೆಚ್ಚಿನವರು ಹೋಗಲಿಲ್ಲ. 80ಕ್ಕಿಂತ ಜಾಸ್ತಿ ಜನ ಎರಡೂ ಕಡೆ ಬೇಡವೆಂದು ಭಾರತಕ್ಕೇ ಬಂದರು. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 1965ರ ಡಿಸೆಂಬರ್‌ನಲ್ಲಿ ತಿಮ್ಮಯ್ಯ ಸೈಪ್ರಸ್‌ನಲ್ಲಿ ತೀರಿಕೊಂಡ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ್ದು ಹೇಳಿದರು. ಅಲ್ಲಿ ಅವರು ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದರು.

ಅಜ್ಜನ ಪ್ರಶ್ನೆಯನ್ನೇ ಪುಟದ ತಲೆಬರಹ ಮಾಡಿದೆ. ಇಸವಿಗಳ ಪಟ್ಟಿಯನ್ನು ಕೆಳಗಿಳಿಸಿದೆ. ಆದಿತ್ಯವಾರ ಪಕ್ಕದ ಮನೆಯ ಹುಡುಗಿ ಬಂದು ಕೊನೇ ತನಕ ಓದಿದಳು. "ಅಕ್ಕ, ಸೈಪ್ರಸ್‌ನಲ್ಲಿ ಯಾರ್ಯಾರಿಗೆ ಜಗಳ?" ಅಂದಳು.

ಗ್ರೀಕರಿಗೂ ತುರ್ಕರಿಗೂ ಅಂದೆ. ಯಾಕೆ ಅಂತ ಮತ್ತೆ ಕೇಳಿದಳು. ಆ ಪುಟ ಇನ್ನೂ ಬರೆದಿರಲಿಲ್ಲ. ಇಬ್ಬರೂ ಕೊಡೆ ತಗೊಂಡು ತೋಟದ ತಿರುವಿಗೆ ಹತ್ತಿದೆವು.