ಬಾಸ್ಕೆಟ್‌ಬಾಲ್ ಗೇಮ್ ಡೈರಿ: ಕಂಪ್ಯೂಟರ್ ಮೋಸ ಮಾಡ್ತಿತ್ತಾ?

ಹೋದ ಸಲ ಬರೆದಾಗ ಇಬ್ಬರ ಮೇಲೆ ಇಬ್ಬರು ಆಡುವ ನನ್ನ ಪುಟ್ಟ ಬಾಸ್ಕೆಟ್‌ಬಾಲ್ ಗೇಮ್‌ನಲ್ಲಿ ಡ್ರಿಬಲ್, ಪಾಸ್, ಶಾಟ್ ಮೂರೂ ಒಂದು ಹದಕ್ಕೆ ಬಂದಿದ್ದವು. ಈ ಸಲ ಮೊಮೆಂಟಂ, ಅಂದರೆ ಚೆನ್ನಾಗಿ ಆಡುತ್ತಿರುವ ತಂಡಕ್ಕೆ ಸಿಗುವ ಹುರುಪು, ಹಾಕೋಣ ಅಂತ ಕೂತೆ. ಎರಡು ಸಂಜೆಯ ಕೆಲಸ ಅಂದುಕೊಂಡಿದ್ದೆ. ಐದು ವಾರ ಆಯ್ತು.

ಮೊದಲ ವಾರ

ಐಡಿಯಾ ಹೊಸದೇನಲ್ಲ. 1993ರ ಎನ್‌ಬಿಎ ಜಾಮ್ ಅನ್ನುವ ಬಾಸ್ಕೆಟ್‌ಬಾಲ್ ವಿಡಿಯೋ ಗೇಮ್‌ನಲ್ಲೇ ಇದೆ. ಒಬ್ಬನೇ ಆಟಗಾರ ಸತತ ಮೂರು ಬಾಸ್ಕೆಟ್ ಹಾಕಿದರೆ ಅವನ ಕೈಯಲ್ಲಿ ಚೆಂಡಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಆಮೇಲೆ ಎಲ್ಲಿಂದ ಎಸೆದರೂ ಬೀಳುವ ಚಾನ್ಸ್ ಜಾಸ್ತಿ. ಎದುರಾಳಿ ಒಂದು ಬಾಸ್ಕೆಟ್ ಹಾಕಿದ ಕೂಡಲೇ ಬೆಂಕಿ ಆರುತ್ತದೆ. ನಾನು ಬೆಂಕಿ ಬೇಡ ಅಂತ ಬಿಟ್ಟು, ತಂಡಕ್ಕೆ ಒಂದು ಒಳಲೆಕ್ಕ ಇಟ್ಟೆ. ಬಾಸ್ಕೆಟ್ ಬಿದ್ದರೆ ಏರುತ್ತದೆ, ತಪ್ಪಿದರೆ ಇಳಿಯುತ್ತದೆ. ಪೂರ್ತಿ ಏರಿದಾಗ ಶಾಟ್ ಬೀಳುವ ಚಾನ್ಸ್‌ಗೆ ಶೇಕಡಾ 8 ಸೇರುತ್ತದೆ, ಪೂರ್ತಿ ಇಳಿದಾಗ 8 ಕಳೆಯುತ್ತದೆ. ತೆರೆಯ ಮೇಲೆ ಏನೂ ತೋರಿಸಲಿಲ್ಲ. ತೋರಿಸದಿದ್ದರೆ ಸಹಜ ಅನ್ನಿಸುತ್ತದೆ ಅಂತ ನನ್ನ ಲೆಕ್ಕ.

ಜೊತೆಗೆ ಹಳೆಯ ರಬ್ಬರ್ ಬ್ಯಾಂಡ್ ಕೋಡ್ ಒಂದು ಮೊದಲಿಂದಲೂ ಇತ್ತು. ಹತ್ತು ಪಾಯಿಂಟ್‌ಗಿಂತ ಹಿಂದೆ ಬಿದ್ದ ತಂಡಕ್ಕೆ 10 ಸೇರಿಸು, ಅಷ್ಟೇ. ಆಟ ಒಂದೇ ಕಡೆಗೆ ವಾಲಬಾರದು ಅಂತ ಹಾಕಿದ್ದು. ಮರೆತೇ ಹೋಗಿತ್ತು.

ಎರಡನೇ ವಾರ

ತಮ್ಮನಿಗೆ ಆಡಲು ಕೊಟ್ಟೆ. ನಾಲ್ಕನೇ ಕ್ವಾರ್ಟರ್‌ನಲ್ಲಿ 11 ಪಾಯಿಂಟ್ ಮುಂದಿದ್ದವನು ಸೋತ. ಕಂಟ್ರೋಲರ್ ಸೋಫಾ ಮೇಲೆ ಎಸೆದು, "ಅಣ್ಣಾ, ನಿನ್ ಕಂಪ್ಯೂಟರ್ ಮೋಸ ಮಾಡುತ್ತೆ. ಕೊನೇಲಿ ಎಲ್ಲಾ ಹಾಕುತ್ತೆ" ಅಂದ. ಸೋತವರೆಲ್ಲ ಹೀಗೇ ಹೇಳೋದು ಅಂತ ನಕ್ಕುಬಿಟ್ಟೆ.

ನಗಲು ನನಗೆ ಕಾರಣವೂ ಇತ್ತು. ಅರ್ಧ ಚಾನ್ಸ್ ಇರುವ ಶಾಟ್ ಇಪ್ಪತ್ತು ಸಲ ಎಸೆದರೆ, ಎಲ್ಲಾದರೂ ಸತತ ಐದು ಬೀಳುವ ಸಾಧ್ಯತೆ ಸುಮಾರು ಶೇಕಡಾ 25. ಯಾವ ಮೊಮೆಂಟಂ ಇಲ್ಲದೆ, ಸುಮ್ನೆ ನಾಣ್ಯ ಚಿಮ್ಮಿದರೂ ಇಷ್ಟು. ನಾಲ್ಕು ಆಟಕ್ಕೆ ಒಂದರಲ್ಲಿ ಕಂಪ್ಯೂಟರ್ "ಬಿಸಿ" ಆದಂತೆ ಕಾಣಲೇಬೇಕು. 1985ರಲ್ಲಿ ಗಿಲೋವಿಚ್, ವಲೋನ್, ಟ್ವೆರ್ಸ್ಕಿ ಅನ್ನುವ ಮೂವರು ಸಂಶೋಧಕರು ಹೇಳಿದ್ದೂ ಇದೇ ಜಾಡಿನ ಮಾತು. ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡದ ಶಾಟ್‌ಗಳ ದಾಖಲೆ ಹಿಡಿದು, ಹಿಂದಿನ ಶಾಟ್ ಬಿದ್ದರೆ ಮುಂದಿನದು ಬೀಳುವ ಚಾನ್ಸ್ ಹೆಚ್ಚುವುದಿಲ್ಲ, ಬಿಸಿ ಕೈ ಅನ್ನುವುದು ನೋಡುವವರ ಭ್ರಮೆ ಅಂದರು. 2018ರಲ್ಲಿ ಮಿಲ್ಲರ್ ಮತ್ತು ಸಾನ್‌ಹುರ್ಹೋ ಆ ಲೆಕ್ಕದಲ್ಲೇ ಒಂದು ಸಣ್ಣ ತೂತು ತೋರಿಸಿದರು. ನಾಣ್ಯವನ್ನು ಮೂರು ಸಲ ಚಿಮ್ಮಿ, ಹೆಡ್ ಆದ ನಂತರ ಮತ್ತೆ ಹೆಡ್ ಬಿದ್ದ ಪಾಲು ಎಷ್ಟು ಅಂತ ಬರೆದಿಡಿ. ಇದನ್ನೇ ಮತ್ತೆ ಮತ್ತೆ ಮಾಡಿ, ಮೊದಲೆರಡರಲ್ಲಿ ಹೆಡ್ಡೇ ಬಾರದ ಸಾಲುಗಳನ್ನು ಬಿಟ್ಟು ಸರಾಸರಿ ತೆಗೆದರೆ ಅರ್ಧ ಬರುವುದಿಲ್ಲ, ಹನ್ನೆರಡರಲ್ಲಿ ಐದು ಬರುತ್ತದೆ. ನಾನು ನಂಬದೆ ಎಂಟೂ ಸಾಲುಗಳನ್ನು ಪೇಪರ್ ಮೇಲೆ ಬರೆದು ನೋಡಿದೆ. ನಿಜ! ಅಂದರೆ ಹಳೆಯ ಲೆಕ್ಕ ಬಿಸಿ ಕೈಯನ್ನು ಇರುವುದಕ್ಕಿಂತ ಕಡಿಮೆ ಮಾಡಿ ತೋರಿಸಿತ್ತು.

ಇದನ್ನೆಲ್ಲ ತಮ್ಮನಿಗೆ ವಿವರಿಸಿದೆ. "ಲೆಕ್ಕ ಆಮೇಲೆ, ಮೊದಲು ಲಾಗ್ ನೋಡು" ಅಂದ.

ಮೂರನೇ ವಾರ

ನೋಡಿದೆ. ಪ್ರತಿ ಶಾಟ್‌ನ ಲೆಕ್ಕ ಬರೆದಿಡುವ ಲಾಗ್ ಫೈಲ್‌ನಲ್ಲಿ, ಅವನು ಸೋತ ಆಟದ ಕಂಪ್ಯೂಟರ್ ಶಾಟ್ ಒಂದರ ಸಾಲು ಹೀಗಿತ್ತು: ಕ್ವಾರ್ಟರ್ 4, ಉಳಿದದ್ದು 2:10. ಮೂಲ 44, ಮೊಮೆಂಟಂ 8, ಹಿಂದಿರುವುದಕ್ಕೆ 10, ಒಟ್ಟು 62. ಅದರ ಕೆಳಗೇ ತಮ್ಮನ ಶಾಟ್, ಅದೇ ಜಾಗ, ಡಿಫೆಂಡರ್ ಅಷ್ಟೇ ದೂರ: ಮೂಲ 44, ಮೊಮೆಂಟಂ ಮೈನಸ್ 8, ಒಟ್ಟು 36.

ಮೋಸವೇ, ಅಲ್ವಾ.

ನಡೆದದ್ದು ಇಷ್ಟು. ಹಿಂದೆ ಬಿದ್ದ ಕಂಪ್ಯೂಟರ್‌ಗೆ ರಬ್ಬರ್ ಬ್ಯಾಂಡ್ ಎರಡು ಬಾಸ್ಕೆಟ್ ಕೊಡಿಸುತ್ತದೆ. ಆ ಬಾಸ್ಕೆಟ್‌ಗಳಿಂದ ಮೊಮೆಂಟಂ ಏರುತ್ತದೆ. ಅಂತರ ಕಮ್ಮಿಯಾದಾಗ ರಬ್ಬರ್ ಬ್ಯಾಂಡ್ ಸುಮ್ಮನಾಗುತ್ತದೆ, ಆದರೆ ಮೊಮೆಂಟಂ ಅಲ್ಲೇ ಉಳಿಯುತ್ತದೆ. ಹಾಗಾಗಿ ಕಂಪ್ಯೂಟರ್ ಸಮ ಮಾಡಿ ನಿಲ್ಲುವುದಿಲ್ಲ, ದಾಟಿಕೊಂಡು ಹೋಗುತ್ತದೆ. ಎರಡೂ ಕೋಡ್ ಬೇರೆ ಬೇರೆಯಾಗಿ ನೋಡಿದರೆ ಸಾಧು. ಒಟ್ಟಿಗೆ ಬಿಟ್ಟರೆ ಮೊದಲ ಮೂರು ಕ್ವಾರ್ಟರ್‌ಗೆ ಬೆಲೆಯೇ ಇಲ್ಲ. ಮನುಷ್ಯ ಹಿಂದೆ ಬಿದ್ದರೂ ಇದೇ ಲಾಭ ಸಿಗಬೇಕಿತ್ತು. ಆದರೆ ಆ ಷರತ್ತನ್ನು ಬರೆಯುವಾಗ ಕಂಪ್ಯೂಟರ್ ತಂಡಕ್ಕೆ ಮಾತ್ರ ಹಾಕಿದ್ದೆ. ಯಾಕೆ ಅಂತ ಈಗ ನೆನಪಿಲ್ಲ.

ಇದರಲ್ಲಿ ನಾನೊಬ್ಬನೇ ಅಲ್ಲ ಅನ್ನೋದೇ ಸಮಾಧಾನ. ಎನ್‌ಬಿಎ ಜಾಮ್ ಮಾಡಿದ ಮಾರ್ಕ್ ಟರ್ಮೆಲ್ ಡಿಟ್ರಾಯ್ಟ್ ಪಿಸ್ಟನ್ಸ್ ಅಭಿಮಾನಿ. ಪಿಸ್ಟನ್ಸ್ ವಿರುದ್ಧ ಬಿಗಿಯಾದ ಆಟದ ಕೊನೆ ಗಳಿಗೆಯಲ್ಲಿ ಶಿಕಾಗೋ ಬುಲ್ಸ್ ಎಸೆದ ಶಾಟ್ ತಪ್ಪುವಂತೆ ಕೋಡ್ ಬರೆದಿದ್ದಾಗಿ ವರ್ಷಗಳ ನಂತರ ಅವರೇ ಒಪ್ಪಿಕೊಂಡರು. ನನ್ನದು ಬೇಕಂತ ಮಾಡಿದ್ದಲ್ಲ. ಅಷ್ಟೇ ವ್ಯತ್ಯಾಸ.

ರಬ್ಬರ್ ಬ್ಯಾಂಡ್ ಕಿತ್ತು ಹಾಕಿದೆ. ಮೊಮೆಂಟಂ ಕೂಡ ಪೂರ್ತಿ ಆಫ್ ಮಾಡಿ ತಮ್ಮನಿಗೆ ಕೊಟ್ಟೆ, ಏನು ಬದಲಾಗಿದೆ ಅಂತ ಹೇಳಲಿಲ್ಲ. ಮೂರು ಆಟ ಆಡಿದ. "ಇನ್ನೂ ಮೋಸ ಮಾಡುತ್ತೆ" ಅಂದ.

ಇನ್ನೂ ಮೂರನೇ ವಾರವೇ

ಈ ಸಲ ನಗಲಿಲ್ಲ. ಅವನ ಪಕ್ಕ ಕೂತು ರೀಪ್ಲೇಯನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ಹೋದೆ. ತಮ್ಮ ಶಾಟ್ ಬಟನ್ ಒತ್ತಿದ್ದು 412ನೇ ಫ್ರೇಮ್. ಅವನ ಆಟಗಾರ ಇನ್ನೂ ಮೊಣಕಾಲು ಬಗ್ಗಿಸಿಲ್ಲ, ಚೆಂಡು ಸೊಂಟದ ಹತ್ತಿರವೇ ಇದೆ. ಕಂಪ್ಯೂಟರ್ ಡಿಫೆಂಡರ್‌ನ ಹಿಮ್ಮಡಿ ನೆಲ ಬಿಟ್ಟದ್ದು? ಅದೂ 412.

ಸೆಕೆಂಡಿಗೆ 60 ಫ್ರೇಮ್. ಕಣ್ಣಿಗೆ ಕಂಡದ್ದಕ್ಕೆ ಕೈ ಓಡಲು ಮನುಷ್ಯನಿಗೆ ಸೆಕೆಂಡಿನ ಕಾಲು ಭಾಗದ ಹತ್ತಿರ ಬೇಕು, ಅಂದರೆ 12ರಿಂದ 15 ಫ್ರೇಮ್. ನನ್ನ ಡಿಫೆಂಡರ್ ಆಟಗಾರನನ್ನು ನೋಡುತ್ತಲೇ ಇರಲಿಲ್ಲ. ನೇರವಾಗಿ ಕಂಟ್ರೋಲರ್ ಓದುತ್ತಿದ್ದ. ಪಂಪ್ ಫೇಕ್, ಅಂದರೆ ಎಸೆಯುವಂತೆ ನಟಿಸಿ ಡಿಫೆಂಡರ್‌ನನ್ನು ಹಾರಿಸುವ ಚಾಲಾಕಿ, ಒಂದು ಸಲವೂ ಯಾಕೆ ಕೆಲಸ ಮಾಡುತ್ತಿರಲಿಲ್ಲ ಅನ್ನೋದು ಆಗ ಹೊಳೆಯಿತು. ಫೇಕ್‌ಗೆ ಬೇರೆ ಬಟನ್ ಇದೆ, ಅವನಿಗೆ ಅದು ಮೊದಲೇ ಗೊತ್ತು!

ತಮ್ಮ ಎರಡು ವಾರದಿಂದ ದೂರುತ್ತಿದ್ದದ್ದು ಇದನ್ನೇ. ಅವನಿಗೆ ಹೆಸರು ಗೊತ್ತಿರಲಿಲ್ಲ, ಆದ್ದರಿಂದ ಶಾಟ್ ಬೀಳುವುದರ ಮೇಲೆ ಗೂಬೆ ಕೂರಿಸುತ್ತಿದ್ದ. ನಾನು ನಾಣ್ಯದ ಲೆಕ್ಕ ಹೇಳುತ್ತಾ ಕೂತಿದ್ದೆ.

ನಾಲ್ಕನೇ ವಾರ

14 ಫ್ರೇಮ್ ತಡ ಹಾಕಿದೆ. ಡಿಫೆಂಡರ್ ದಡ್ಡನಾದ. ಶಾಟ್ ಕೈಬಿಟ್ಟ ಮೇಲೆ ಹಾರಿ, ಖಾಲಿ ಗಾಳಿಗೆ ಕೈ ಬೀಸುತ್ತಾನೆ. ಒಳ್ಳೆಯ ಆಟಗಾರರೂ ತಡವಾಗೇ ನೋಡುತ್ತಾರೆ, ಆದರೆ ಊಹಿಸುತ್ತಾರೆ. ಹಾಗಾಗಿ ಎದುರಾಳಿಯ ಹಿಂದಿನ ಹತ್ತು ಸರದಿಗಳನ್ನು ನೆನಪಿಡಲು ಕಲಿಸಿದೆ. ಈ ಮೂಲೆಯಿಂದ ಹೆಚ್ಚಾಗಿ ಎಸೆಯುತ್ತಾನಾ, ನುಗ್ಗುತ್ತಾನಾ? ಊಹೆ ಸರಿಯಾದರೆ ಬ್ಲಾಕ್, ತಪ್ಪಿದರೆ ಬಕ್ರಾ. ಪಂಪ್ ಫೇಕ್‌ಗೆ ಮೊದಲ ಸಲ ಹಾರಿಬಿದ್ದಾಗ ನಾವಿಬ್ಬರೂ ಚಪ್ಪಾಳೆ ತಟ್ಟಿದೆವು.

ಶಾಟ್ ಕೂಡ ಬದಲಾಯಿಸಿದೆ. ಚಾನ್ಸ್‌ಗೆ ಶೇಕಡಾ ಸೇರಿಸುವುದು ಬಂದ್. ಶಾಟ್ ಬೀಳಬೇಕಾದರೆ ಮನುಷ್ಯ ಬಟನ್ ಬಿಡಬೇಕಾದ ಹಸಿರು ಪಟ್ಟಿ 5 ಫ್ರೇಮ್ ಅಗಲ. ಕಂಪ್ಯೂಟರ್ ಕೂಡ ಈಗ ಅದೇ ಪಟ್ಟಿಯಲ್ಲಿ "ಬಟನ್ ಬಿಡಬೇಕು", ಅದರ ಕೈಯೂ ಸ್ವಲ್ಪ ಆಚೀಚೆ ಆಗುತ್ತದೆ. ಕಷ್ಟದ ಲೆವೆಲ್ ಅಂದರೆ ಆ ಆಚೀಚೆ ಎಷ್ಟು ಅನ್ನೋದು ಮಾತ್ರ.

ಈ ವಾರ

ಮೊಮೆಂಟಂ ವಾಪಸ್ ಬಂದಿದೆ, ಕಣ್ಣಿಗೆ ಕಾಣುವ ಹಾಗೆ. ಏರಿದಾಗ ಹಸಿರು ಪಟ್ಟಿ 7 ಫ್ರೇಮ್ ಆಗುತ್ತದೆ, ಎರಡೂ ತಂಡಕ್ಕೆ. ಸುಮ್ನೆ ಬಾಸ್ಕೆಟ್ ಹಾಕಿದರೆ ಏರುವುದಿಲ್ಲ. ಸ್ಟೀಲ್ (ಚೆಂಡು ಕಸಿಯುವುದು), ಬ್ಲಾಕ್, ಒಳ್ಳೆಯ ಪಾಸ್‌ನಿಂದ ಬಂದ ಬಾಸ್ಕೆಟ್ ಬೇಕು. ಇಲ್ಲದಿದ್ದರೆ ಬಿದ್ದದ್ದರಿಂದ ಇನ್ನಷ್ಟು ಬೀಳುವ ಚಕ್ರ ಮತ್ತೆ ಶುರು. ಎದುರು ತಂಡ ಟೈಮ್‌ಔಟ್ ತೆಗೆದುಕೊಂಡರೆ ಅರ್ಧ ಇಳಿಯುತ್ತದೆ. ಕೋರ್ಟ್‌ನಲ್ಲಿ ಕೋಚ್‌ಗಳು ಮಾಡೋದೂ ಅದನ್ನೇ ತಾನೇ. ಬಿಸಿಯಾದ ಆಟಗಾರನಿಗೆ ಡಿಫೆಂಡರ್ ಒಂದು ಹೆಜ್ಜೆ ಹತ್ತಿರ ಅಂಟಿಕೊಳ್ಳುತ್ತಾನೆ, ಹಾಗಾಗಿ ಆ ಅಗಲದ ಪಟ್ಟಿ ಪುಕ್ಕಟೆ ಅಲ್ಲ.

ನಿನ್ನೆ ತಮ್ಮ 9 ಪಾಯಿಂಟ್ ಮುಂದಿದ್ದು 2ರಿಂದ ಸೋತ. ಕಂಟ್ರೋಲರ್ ಕೈಯಲ್ಲೇ ಇತ್ತು. "ಟೈಮ್‌ಔಟ್ ಉಳಿಸಿಕೊಳ್ಳಬೇಕಿತ್ತು" ಅಂದ. ಆಮೇಲೆ, "ರೀಬೌಂಡ್ ಮಾತ್ರ ಅವರಿಗೇ ಜಾಸ್ತಿ ಸಿಗುತ್ತೆ, ನೋಡು" ಅಂತ ಸೇರಿಸಿದ.

ಆ ಫೈಲ್ ಇನ್ನೂ ತೆರೆದಿಲ್ಲ. ಶಾಟ್ ತಪ್ಪಿ ಪುಟಿದ ಚೆಂಡು ಎಲ್ಲಿ ಬೀಳುತ್ತದೆ ಅಂತ ಕಂಪ್ಯೂಟರ್‌ಗೆ ಮೊದಲೇ ಗೊತ್ತಿರಬೇಕು ಅಂತ ನನಗೂ ಅನುಮಾನ. ಬರೆದವನು ನಾನೇ ಅಲ್ವಾ.